ವರನ ಹೆಸರಿನಿಂದ ಮುಂದೆ ಎಲ್ಲವೂ ದಪ್ಪ

ಅಣ್ಣನ ಮಗ ತನ್ನ ಅಕ್ಕನ ಮದುವೆಗೆ ಕರೆಯೋಲೆಯನ್ನು ವೆಬ್ ಪುಟವಾಗಿ ಮಾಡುತ್ತೇನೆ ಎಂದಾಗ ಮನೆಯವರೆಲ್ಲ ಹೂಂ ಎಂದುಬಿಟ್ಟರು. ಕಾರ್ಡ್ ಅಚ್ಚು ಹಾಕಿಸುವ ಖರ್ಚು ಉಳಿಯುತ್ತೆ ಅಲ್ವಾ.

ಪುಟ ಬಂತು. ವರನ ಹೆಸರು ಎದ್ದು ಕಾಣಲಿ ಎಂದು ಹುಡುಗ ಬಿ ಟ್ಯಾಗ್, ಅಂದರೆ 'ಇಲ್ಲಿಂದ ದಪ್ಪಕ್ಷರ' ಎಂದು ಬ್ರೌಸರಿಗೆ ಹೇಳುವ ಗುರುತು, ತೆರೆದಿದ್ದ, ಮುಚ್ಚಿರಲಿಲ್ಲ. ಸ್ಲ್ಯಾಶ್ ಹಾಕಿದ ಇನ್ನೊಂದು ಬಿ ಸಿಗುವ ತನಕ ಬ್ರೌಸರ್ ನಿಲ್ಲಿಸುವುದಿಲ್ಲ, ಹಾಗಾಗಿ ಮುಹೂರ್ತ, ಛತ್ರದ ವಿಳಾಸ, ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬುದರಿಂದ ಹಿಡಿದು 'ಆಶೀರ್ವಾದವೇ ಉಡುಗೊರೆ' ತನಕ ಎಲ್ಲವೂ ದಪ್ಪ. ಮೇಲಿದ್ದ ವಧುವಿನ ಹೆಸರೊಂದೇ ತೆಳ್ಳಗೆ. ಗಂಡಿನ ಕಡೆಯವರಿಗೆ ಭಾರಿ ಖುಷಿ. ನಮ್ಮತ್ತೆ ಮಾತ್ರ, "ಕನ್ನಡಕ ಇಲ್ಲದೇ ಓದಬಹುದು, ಹೀಗೇ ಇರಲಿ" ಎಂದರು.

ರಿಪೇರಿ ನನ್ನ ತಲೆಗೆ ಬಿತ್ತು. ತಪ್ಪು ಹುಡುಗನದ್ದಾದರೂ ನನ್ನ ಸಿಟ್ಟು ಬ್ರೌಸರ್ ಮೇಲೆ. ಮಾವನ ಮನೆಗೆ ಹೊಸದಾಗಿ ಬಂದ ಅಳಿಯ ಸಾರಿಗೆ ಉಪ್ಪಿಲ್ಲದಿದ್ದರೂ ಚೆನ್ನಾಗಿದೆ ಎಂದು ಉಣ್ಣುತ್ತಾನಲ್ಲ, ಹಾಗೆ ಇದು ಏನು ಬಡಿಸಿದರೂ ಬೇಡ ಅನ್ನುವುದಿಲ್ಲ. ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್. ಅದರದೇ ಕಟ್ಟುನಿಟ್ಟಿನ ರೂಪವಾದ ಎಕ್ಸ್‌ಎಚ್‌ಟಿಎಂಎಲ್‌ಗೆ ಆ ದಾಕ್ಷಿಣ್ಯ ಇರಲಿಲ್ಲ. ಅದನ್ನು ಎಕ್ಸ್‌ಎಂಎಲ್ (ಟ್ಯಾಗಿನ ತಪ್ಪನ್ನು ಕ್ಷಮಿಸದ ಬರಹದ ರೀತಿ) ಎಂದೇ ಕಳಿಸಿದರೆ ಒಂದು ಟ್ಯಾಗ್ ತಪ್ಪಿದರೂ ಪುಟದ ಬದಲು ದೋಷದ ಸಂದೇಶ ಬರುತ್ತಿತ್ತು. ಎಚ್‌ಟಿಎಂಎಲ್5 ಬಂದಾಗ, ತಪ್ಪನ್ನು ಹೇಗೆ ನುಂಗಿಕೊಳ್ಳಬೇಕು ಎಂಬುದನ್ನೂ ನಿಯಮವಾಗಿ ಬರೆದಿಟ್ಟರು!

ವಧೂವರರ ಫೋಟೊ ಹುಡುಗನ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತಿತ್ತು. ಚಿತ್ರ ಎಲ್ಲಿದೆ ಎಂದು ಹೇಳುವ ಎಸ್‌ಆರ್‌ಸಿಯಲ್ಲಿ ತನ್ನ ಸಿ ಡ್ರೈವಿನ ವಿಳಾಸ ಬರೆದಿದ್ದ. ಅದನ್ನು ಸರಿಮಾಡಿದರೂ ಬರಲಿಲ್ಲ, ಯಾಕೆಂದರೆ ಫೈಲಿನ ಹೆಸರಲ್ಲಿ ಜೆಪಿಜಿ ದೊಡ್ಡಕ್ಷರದಲ್ಲಿತ್ತು, ಪುಟದಲ್ಲಿ ಸಣ್ಣಕ್ಷರದಲ್ಲಿತ್ತು. ವಿಂಡೋಸ್ ಇದನ್ನೆಲ್ಲ ನೋಡಿಯೂ ನೋಡದಂತೆ ಇರುತ್ತದೆ, ಲಿನಕ್ಸ್ ಸರ್ವರ್ ಬಿಡುವುದಿಲ್ಲ.

ಕೆಲವು ಫೋನುಗಳಲ್ಲಿ ಕನ್ನಡವೇ ಮಾಯ. ಅಕ್ಷರಗಳನ್ನು ಯಾವ ಲಿಪಿ ಸಂಕೇತದಲ್ಲಿ ಓದಬೇಕು ಎಂದು ಪುಟದ ಮೇಲ್ಗಡೆ ಮೆಟಾ ಟ್ಯಾಗಿನಲ್ಲಿ ಹೇಳಬೇಕು, ಹುಡುಗ ಅಲ್ಲಿ ಯುಟಿಎಫ್-8 ಎಂದು ಹೇಳಿರಲಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತದ ಒಂದೊಂದು ಚಿಹ್ನೆಗೂ 3 ಬೈಟ್, ಅದರಲ್ಲಿ ಮೊದಲನೆಯದು ಯಾವಾಗಲೂ ಅದೇ. ಫೋನು ಒಂದೊಂದು ಬೈಟನ್ನೂ ಬೇರೆ ಬೇರೆ ಅಕ್ಷರ ಎಂದು ಓದಿತು, ಹಾಗಾಗಿ ಇಡೀ ಕರೆಯೋಲೆ ತಲೆ ಮೇಲೆ ಓರೆ ಗೀರು ಎಳೆದ ಇಂಗ್ಲಿಷ್ ಎ ಅಕ್ಷರದ ಜಾತ್ರೆ. ಜೊತೆಗೆ ಪುಟದ ಭಾಷೆ ಯಾವುದು ಎಂದು ಹೇಳುವ ಲ್ಯಾಂಗ್ ಎಂಬಲ್ಲಿ ಗಾಡಿ ನಂಬರ್ ಪ್ಲೇಟಿನ ಅಭ್ಯಾಸಬಲದಿಂದ 'ಕೆಎ' ಎಂದಿತ್ತು. ಅದು ಜಾರ್ಜಿಯಾದವರ ಭಾಷೆಯ ಗುರುತು, ನಮ್ಮದು 'ಕೆಎನ್'. ಪುಣ್ಯಕ್ಕೆ ಮದುವೆ ತುಮಕೂರಲ್ಲೇ ಇತ್ತು.

ಛತ್ರದ ಮ್ಯಾಪಿನ ಕೊಂಡಿಯೂ ಕೆಟ್ಟಿತ್ತು. ಹುಡುಗ ವರ್ಡ್‌ನಲ್ಲಿ ಬರೆದು ನಕಲು ಮಾಡಿದ್ದ, ವರ್ಡ್ ಉದ್ಧರಣ ಚಿಹ್ನೆಗಳನ್ನೆಲ್ಲ ಚಂದಕ್ಕೆ ಬಗ್ಗಿಸಿತ್ತು. ಬ್ರೌಸರಿಗೆ ನೆಟ್ಟಗಿನ ಚಿಹ್ನೆಯೇ ಬೇಕು. ಬಾಗಿದ್ದನ್ನು ವಿಳಾಸದ ಭಾಗ ಎಂದುಕೊಂಡು ಎಲ್ಲೂ ಇಲ್ಲದ ಪುಟ ಹುಡುಕುತ್ತದೆ.

ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು 'ಬರುತ್ತೇವೆ' ಎಂಬ ಬಟನ್. ಯಾರು ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಹುಡುಗ ಅದಕ್ಕೆ ಡಿಸೇಬಲ್ಡ್ ಈಕ್ವಲ್ ಟು ಫಾಲ್ಸ್, ಅಂದರೆ 'ಬಂದ್ ಅಲ್ಲ', ಎಂದು ಬರೆದಿದ್ದ. ಓದಿದರೆ ಸರಿ ಅನ್ನಿಸುತ್ತೆ. ಆದರೆ ಡಿಸೇಬಲ್ಡ್ ಎಂಬ ಹೆಸರು ಅಲ್ಲಿದ್ದರೇ ಸಾಕು, ಮುಂದೆ ಫಾಲ್ಸ್ ಅನ್ನಿ, ಇಲ್ಲ ಅನ್ನಿ, ಕೈ ಮುಗಿಯಿರಿ, ಬಟನ್ ಬಂದ್. ಆ ಪದವನ್ನೇ ಅಳಿಸಬೇಕು. ಅಳಿಸಿದೆವು, ಬಟನ್ ಓಡಿತು. ಅಷ್ಟು ದಿನ ಒಬ್ಬರೂ ಬರುತ್ತೇವೆ ಎನ್ನಲಿಲ್ಲವಲ್ಲ ಎಂದು ಅತ್ತಿಗೆ ಒಳಗೊಳಗೇ ಕುದಿಯುತ್ತಿದ್ದರು. ಅಡುಗೆ ಭಟ್ಟರು ಮಾತ್ರ ಯಾವ ಬಟನ್ನಿಗೂ ಕಾಯದೆ, ಅಂದಾಜಿನ ಮೇಲೆ ಸಾಮಾನಿನ ಪಟ್ಟಿ ಬರೆದು ಅಡ್ವಾನ್ಸ್ ಇಸಿದುಕೊಂಡು ಹೋಗಿಯಾಗಿತ್ತು.