ಕಾಲ್ ಮೈನಸ್ 151

ಡಿಪ್ಲೊಮಾ ಓದುವಾಗ ನಮ್ಮ ಲ್ಯಾಬಿನಲ್ಲಿ 8085 ಅನ್ನೋ ಮೈಕ್ರೊಪ್ರೊಸೆಸರ್ ಕಲಿಯುವ ಕಿಟ್ ಇತ್ತು. ಮೇಷ್ಟ್ರು "ಮಾನಿಟರ್ ಇದರೊಳಗೇ ಇದೆ ಕಣ್ರೋ" ಅಂದಾಗ ಒಬ್ಬ ಕಿಟ್ಟನ್ನು ಎತ್ತಿ ಅಡಿಯಲ್ಲಿ ಹುಡುಕಿದ್ದ. ಮಾನಿಟರ್ ಅಂದರೆ ಟಿವಿಯಂಥ ಡಬ್ಬ ಅಂತಲೇ ನಮ್ಮ ತಿಳಿವಳಿಕೆ. ಮೇಷ್ಟ್ರು ಹೇಳಿದ್ದು ಚಿಪ್ಪಿನಲ್ಲಿ ಕೂತ ಪುಟ್ಟ ಪ್ರೋಗ್ರಾಮಿನ ಬಗ್ಗೆ. ಮೆಮೊರಿಯಲ್ಲಿ ಏನಿದೆ ಅಂತ ತೋರಿಸುತ್ತದೆ, ತಿದ್ದಲು ಬಿಡುತ್ತದೆ, ಓಡಿಸುತ್ತದೆ.

ಇದೆಲ್ಲ ನೆನಪಾಗಿದ್ದು ಮೊನ್ನೆ ಹಳೇ ಕಂಪ್ಯೂಟರನ್ನು ಅನುಕರಿಸುವ ಎಮ್ಯುಲೇಟರಿನಲ್ಲಿ 1977ರ ಆಪಲ್ 2 ಕಂಪ್ಯೂಟರ್ ಹಾಕಿಕೊಂಡು ಕೂತಾಗ. ಅದರಲ್ಲಿ ರೀಸೆಟ್ ಒತ್ತಿದರೆ ಒಂದು ನಕ್ಷತ್ರ ಚಿಹ್ನೆ ಬರುತ್ತದೆ, ಅಷ್ಟೇ. ಅದೇ ಮಾನಿಟರ್. ಬೇಸಿಕ್ ಅನ್ನೋ ಸುಲಭದ ಪ್ರೋಗ್ರಾಮಿಂಗ್ ಭಾಷೆ ಬೇಕೆಂದರೆ ಕಂಟ್ರೋಲ್-ಬಿ ಒತ್ತಿ ನೀವೇ ಹೋಗಬೇಕು. ನೆಂಟರನ್ನು ಜಗುಲಿಯಲ್ಲಿ ಕೂರಿಸದೆ ಸೀದಾ ಅಡುಗೆಮನೆಗೆ ಕರೆದ ಹಾಗೆ!

ನಾನು ಟೈಪ್ ಮಾಡಿದ್ದು ಇಷ್ಟು: 300: ಎ9 ಸಿ1 20 ಇಡಿ ಎಫ್‌ಡಿ 60. ಆಮೇಲೆ 300ಜಿ. 300 ಅಂದರೆ ಮೆಮೊರಿಯ ವಿಳಾಸ, ಮುಂದಿನವು ಅಲ್ಲಿಂದ ಸಾಲಾಗಿ ಕೂರುವ ಬೈಟುಗಳು (ಎಲ್ಲವೂ ಹದಿನಾರರ ಲೆಕ್ಕದಲ್ಲಿ), ಸಿ1 ಅನ್ನೋದು 'ಎ' ಅಕ್ಷರದ ಸಂಕೇತ, ಜಿ ಅಂದರೆ ಓಡಿಸು. ಪರದೆ ಮೇಲೆ ಒಂದು 'ಎ' ಬಿತ್ತು. ಆರು ಬೈಟಿಗೆ ಒಂದಕ್ಷರ, ನಗಬೇಡಿ. 300ಎಲ್ ಅಂದರೆ ಅದೇ ಬೈಟುಗಳನ್ನು ಅಸೆಂಬ್ಲಿಗೆ, ಅಂದರೆ ನಾವು ಓದಬಹುದಾದ ಆಜ್ಞೆಗಳಿಗೆ, ಬಿಡಿಸಿ ತೋರಿಸುತ್ತದೆ. ಒಂದೊಂದೇ ಹೆಜ್ಜೆ ಓಡಿಸಿ ರಿಜಿಸ್ಟರ್ (ಪ್ರೊಸೆಸರಿನೊಳಗಿನ ಪುಟ್ಟ ಜಾಗ) ನೋಡುವ ಸ್ಟೆಪ್, ಟ್ರೇಸ್ ಕೂಡ ಇದ್ದವು. ಇದಿಷ್ಟೂ ಇದ್ದದ್ದು 2 ಕೆಬಿಯ ಒಂದು ಚಿಪ್ಪಿನಲ್ಲಿ! ಅದರ ಹಿಂದಿನ ವರ್ಷ, 1976ರಲ್ಲಿ, ಆಪಲ್ 1ರ ಮಾನಿಟರನ್ನು ಆಪಲ್ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ 256 ಬೈಟಿನಲ್ಲೇ ಮುಗಿಸಿದ್ದರು.

1979ರಲ್ಲಿ ಆಪಲ್ 2 ಪ್ಲಸ್ ಬಂತು. ಆನ್ ಮಾಡಿದರೆ ತಾನೇ ಡಿಸ್ಕ್ ಹುಡುಕುತ್ತದೆ, ಇಲ್ಲದಿದ್ದರೆ ಬೇಸಿಕ್ಕಿಗೆ ಹೋಗುವ ದಾರಿ. ಇದೇನೋ ಸರಿ. ರೀಸೆಟ್ ಕೀಲಿ ಇದ್ದದ್ದು ರಿಟರ್ನ್ ಪಕ್ಕದಲ್ಲೇ, ಲೆಕ್ಕ ಬರೆಯುವವರು ಎಡವಿದರೆ ನಕ್ಷತ್ರದ ಮುಂದೆ ಕಂಗಾಲು. ಆದರೆ ಅದೇ ನೆಪದಲ್ಲಿ ಸ್ಟೆಪ್, ಟ್ರೇಸ್ ಕಿತ್ತುಹಾಕಿದರಲ್ಲ, ಅದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಉಳಿದ ಮಾನಿಟರ್ ಹಿಂಬಾಗಿಲಿಗೆ ಸರಿಯಿತು: ಬೇಸಿಕ್ಕಿನಲ್ಲಿ ಕಾಲ್ -151 ಅಂತ ಟೈಪ್ ಮಾಡಿದರೆ ಅದು ಬರುತ್ತದೆ. ಈ ವಿಚಿತ್ರ ಸಂಖ್ಯೆ ಯಾಕೆ ಗೊತ್ತಾ? ಮಾನಿಟರಿಗೆ ಹೋಗುವ ಮೆಮೊರಿ ವಿಳಾಸ 65385. ಹಳೇ ಇಂಟೆಜರ್ ಬೇಸಿಕ್ಕಿಗೆ 32767ರ ಆಚೆ ಎಣಿಸಲು ಬರುತ್ತಿರಲಿಲ್ಲ. ಅದಕ್ಕೇ 65536 ಕಳೆದು ಬರೆಯುತ್ತಿದ್ದರು, ಆ ರೂಢಿಯೇ ಉಳಿಯಿತು.

ಕಾಮಡೋರ್ ಅನ್ನೋ ಇನ್ನೊಂದು ಕಂಪ್ಯೂಟರ್ ಕಂಪನಿಯವರದ್ದು ಇನ್ನೂ ತಮಾಷೆ. ತಮ್ಮ ಪೆಟ್ ಕಂಪ್ಯೂಟರಿನಲ್ಲಿ ಮಾನಿಟರ್ ಕೊಟ್ಟರು. 1982ರ ಕಾಮಡೋರ್ 64ರಲ್ಲಿ ಅದು ಇರಲಿಲ್ಲ, ಬೇಕಾದವರು ಕಾರ್ಟ್ರಿಡ್ಜಿನಿಂದಲೋ ಡಿಸ್ಕಿನಿಂದಲೋ ಹಾಕಿಕೊಳ್ಳಬೇಕಿತ್ತು. 1985ರ ಕಾಮಡೋರ್ 128ರಲ್ಲಿ ಮತ್ತೆ ಇತ್ತು, 'ಮಾನಿಟರ್' ಅಂತ ಟೈಪ್ ಮಾಡಿದರೆ ಸಾಕು.

ನಾನು ಆಟವಾಡುತ್ತಿದ್ದಾಗ ಮಗಳು ಬಂದು ಇಣುಕಿದಳು. "ಅಪ್ಪಾ, ಸಿ1 ಬದಲು ಸಿ2 ಹಾಕಿದ್ರೆ?"

"ಹಾಕಿ ನೋಡು."

301: ಸಿ2 ಅಂತ ಹೊಡೆದಳು. ಆಮೇಲೆ 300ಜಿ.

'ಬಿ' ಬಂತು. ಈಗ ಅವಳ ಹೆಸರು ಬರೆಯಲು ಎಷ್ಟು ಬೈಟ್ ಬೇಕು ಅಂತ ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದಾಳೆ.