ಸ್ಪರ್ಧೆ ಬಿಟ್ಟು ನಿಲ್ದಾಣಕ್ಕೆ ಓಡಿದ ಹುಡುಗ ಮಾಡಿದ್ದು ಸರಿಯೇ?

ಚೆನ್ ಕಾಯ್ಗ 2002ರಲ್ಲಿ ನಿರ್ದೇಶಿಸಿದ, ಹೊರದೇಶಗಳಲ್ಲಿ ‘ಟುಗೆದರ್’ ಎಂಬ ಹೆಸರಿನಿಂದ ತೆರೆಕಂಡ ಚೀನೀ ಚಿತ್ರದ ಕೊನೆಯಲ್ಲಿ, ಹದಿಮೂರು ವರ್ಷದ ಪಿಟೀಲು ವಾದಕ ಶಿಯಾವ್‌ಚುನ್ ತನಗೆ ಒದಗಿದ ದೊಡ್ಡ ಸ್ಪರ್ಧೆಯನ್ನು ಬಿಟ್ಟು, ಊರಿಗೆ ಹೊರಟ ಅಪ್ಪನನ್ನು ಅರಸಿ ರೈಲು ನಿಲ್ದಾಣಕ್ಕೆ ಓಡುತ್ತಾನೆ. ಜನಜಂಗುಳಿಯ ನಡುವೆ ನಿಂತು ಅಪ್ಪನಿಗಾಗಿ ನುಡಿಸುತ್ತಾನೆ. ಈ ಮುಕ್ತಾಯವನ್ನು ಒಪ್ಪಬಹುದೇ?

ಪರ: ಅಪ್ಪನ ಎದುರಿಗಲ್ಲದೆ ಇನ್ನಾರ ಎದುರಿಗೆ?

ಈ ಪಕ್ಷವನ್ನು ನಾನಾಗಿ ಆರಿಸಿಕೊಂಡದ್ದಲ್ಲ. ಹಿಂದೊಮ್ಮೆ ಈ ಚಿತ್ರವನ್ನು ಹೊಗಳಿ ಮಾತನಾಡಿದ್ದೆನೆಂಬ ಕಾರಣಕ್ಕೆ ಸಂಪಾದಕರು ಇದನ್ನು ನನಗೆ ವಹಿಸಿದ್ದಾರೆ. ಚಿತ್ರದಲ್ಲಿ ಸಕ್ಕರೆ ಒಂದು ಹಿಡಿ ಹೆಚ್ಚಾಗಿದೆ ಎಂಬುದನ್ನು ಮೊದಲೇ ಒಪ್ಪಿಬಿಡುತ್ತೇನೆ. ನೆರೆಮನೆಯ ಲಿಲಿಗೆ ಕೋಟು ಕೊಡಿಸಲು ಹುಡುಗ ತನ್ನ ಪಿಟೀಲನ್ನೇ ಮಾರುವ ಪ್ರಸಂಗವನ್ನು ನಾನು ಇಂದಿಗೂ ಪೂರ್ತಿಯಾಗಿ ನಂಬಲಾರೆ. ಆದರೆ ಕೊನೆಯ ದೃಶ್ಯದ ಮಟ್ಟಿಗೆ ನನ್ನ ವಾದ ಸರಳವಾಗಿದೆ: ಇದು ಅಪ್ಪನ ಋಣದ ಕಥೆ, ಆದ್ದರಿಂದ ಅಪ್ಪನ ಮುಂದೆಯೇ ಮುಗಿಯಬೇಕು.

ಅಪ್ಪ ಲಿಯು ಚೆಂಗ್ ಸಣ್ಣ ಊರಿನ ಅಡುಗೆಯವನು. ಕೂಡಿಟ್ಟ ಹಣವನ್ನು ಟೊಪ್ಪಿಗೆಯೊಳಗೆ ಬಚ್ಚಿಟ್ಟುಕೊಂಡು ಮಗನೊಡನೆ ಬೀಜಿಂಗಿಗೆ ಬರುತ್ತಾನೆ. ಬೆಕ್ಕುಗಳ ನಡುವೆ ಕೊಳಕಾಗಿ ಬದುಕುವ ಜಿಯಾಂಗ್ ಮೇಷ್ಟ್ರನ್ನು ಕಾಡಿ ಬೇಡಿ ಪಾಠಕ್ಕೆ ಒಪ್ಪಿಸುತ್ತಾನೆ. ಅಲ್ಲಿಂದ ಮುಂದಕ್ಕೆ ಪ್ರಸಿದ್ಧ ಪ್ರೊಫೆಸರ್ ಯು ಅವರ ಬಾಗಿಲು ತಟ್ಟುತ್ತಾನೆ. ಹುಡುಗ ಅವನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಪಿಟೀಲಿನೊಡನೆ ರೈಲು ನಿಲ್ದಾಣದಲ್ಲಿ ಸಿಕ್ಕ ಕೂಸು ಎಂಬುದು ಕೊನೆಯಲ್ಲಿ ತಿಳಿಯುತ್ತದೆ. ನಿಲ್ದಾಣದಲ್ಲಿ ಸಿಕ್ಕವನು ನಿಲ್ದಾಣದಲ್ಲಿಯೇ ಅಪ್ಪನನ್ನು ಆರಿಸಿಕೊಳ್ಳುತ್ತಾನೆ. ಇದಕ್ಕಿಂತ ಸರಿಯಾದ ಜಾಗ ಯಾವ ಸಭಾಂಗಣದಲ್ಲಿತ್ತು?

ನಿರ್ದೇಶಕರ ಬಾಳನ್ನು ಬಲ್ಲವರಿಗೆ ಈ ದೃಶ್ಯ ಇನ್ನೂ ಆಳವಾಗಿ ಕಾಣುತ್ತದೆ. 1952ರಲ್ಲಿ ಹುಟ್ಟಿದ ಚೆನ್, ಹಳೆಯದನ್ನೆಲ್ಲ ಕಿತ್ತೊಗೆಯಲು ಮಾವೊ ಹೂಡಿದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, ಶಿಯಾವ್‌ಚುನ್‌ಗಿಂತ ಸ್ವಲ್ಪವೇ ದೊಡ್ಡ ಹುಡುಗನಾಗಿದ್ದಾಗ, ಸ್ವತಃ ಚಿತ್ರನಿರ್ದೇಶಕರಾಗಿದ್ದ ತಮ್ಮ ತಂದೆಯನ್ನು ಜನರೆದುರು ಧಿಕ್ಕರಿಸಿದವರು. ಆ ತಪ್ಪನ್ನು ಅವರು ಮುಂದೆ ತಾವೇ ಬರೆದು ಒಪ್ಪಿಕೊಂಡರು. ಪ್ರೊಫೆಸರ್ ಯು ಅವರ ಪಾತ್ರವನ್ನು ಮಾಡಿದವರೂ ಚೆನ್ ಅವರೇ. ಜನರೆದುರು ಅಪ್ಪನನ್ನು ಬಿಟ್ಟುಕೊಟ್ಟ ಮಗ, ಜನರೆದುರು ಅಪ್ಪನ ಬಳಿಗೆ ಓಡುವ ಮಗನನ್ನು ತೆರೆಯ ಮೇಲೆ ತಂದದ್ದು ಬರಿಯ ಸಿಹಿಯಲ್ಲ. ಸಾನ್ ಸೆಬಾಸ್ಟಿಯನ್ ಚಿತ್ರೋತ್ಸವ ಚೆನ್ ಅವರಿಗೆ ನಿರ್ದೇಶನದ, ಅಪ್ಪನ ಪಾತ್ರದ ಲಿಯು ಪೇಚಿಗೆ ನಟನೆಯ ಪ್ರಶಸ್ತಿ ಕೊಟ್ಟಿತು ಎಂಬುದನ್ನೂ ಇಲ್ಲಿ ಸೇರಿಸುತ್ತೇನೆ; ಸ್ಪರ್ಧೆಯನ್ನು ಬಿಟ್ಟುಹೋದದ್ದೇ ಸರಿ ಎಂದು ವಾದಿಸುವ ಲೇಖನದಲ್ಲಿ ಇದು ತುಸು ವಿಚಿತ್ರವಾದ ಸಾಕ್ಷಿ ಎಂಬುದು ನನಗೂ ಗೊತ್ತು. ಮಕ್ಕಳು ಕಪ್ಪು ಗೆದ್ದು ತರದಿದ್ದರೆ ಊಟವನ್ನೇ ಬಿಡುವ ತಂದೆತಾಯಿಗಳಿಗೆ ಈ ಮುಕ್ತಾಯ ರುಚಿಸುವುದಿಲ್ಲ. ನನ್ನ ಎದುರಾಳಿಯೂ ಅದೇ ಪಂಗಡದವರಿರಬಹುದು.

ವಿರೋಧ: ಸಭಾಂಗಣದಲ್ಲಿ ಉಳಿದ ಹುಡುಗಿಯ ಪರವಾಗಿ

ನಾನು ಯಾವ ಪಂಗಡದವಳೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ನಾನು ಲಿನ್ ಯು ಪಂಗಡದವಳು. ಎದುರಿನ ಲೇಖನದಲ್ಲಿ ಆ ಹೆಸರು ಒಮ್ಮೆಯೂ ಬಂದಂತಿಲ್ಲ, ಅದು ನನಗೆ ಆಶ್ಚರ್ಯವನ್ನೂ ತಂದಿಲ್ಲ. ಲಿನ್ ಯು ಪ್ರೊಫೆಸರ್ ಯು ಅವರ ಇನ್ನೊಬ್ಬ ಶಿಷ್ಯೆ, ಶಿಯಾವ್‌ಚುನ್ ಬರದೆ ಹೋದ ವೇದಿಕೆಯಲ್ಲಿ ನಿಂತು ನುಡಿಸುವವಳು. ಅತ್ತ ನಿಲ್ದಾಣದಲ್ಲಿ ಹುಡುಗ ರಷ್ಯಾದ ಸಂಗೀತಕಾರ ಚೈಕೋವ್‌ಸ್ಕಿಯ ಕೃತಿಯನ್ನು ನುಡಿಸುತ್ತಿರುವಾಗ ಇತ್ತ ಸಭಾಂಗಣದಲ್ಲಿ ಅವಳು ನುಡಿಸುತ್ತಿರುತ್ತಾಳೆ, ಚಿತ್ರ ಎರಡನ್ನೂ ಹೆಣೆದು ತೋರಿಸುತ್ತದೆ. ನಮ್ಮ ಕಣ್ಣೀರಿನ ಪಾಲೆಲ್ಲ ಅವನಿಗೆ ಸಲ್ಲುತ್ತದೆ. ಅವಳು ಮಾಡಿದ ತಪ್ಪೇನು? ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದು ನುಡಿಸಿದ್ದು.

ನಿರ್ದೇಶಕರ ಪಶ್ಚಾತ್ತಾಪ ಅವರ ಸ್ವಂತ ವಿಷಯ, ಅದಕ್ಕೆ ಕೈಮುಗಿದು ಮುಂದೆ ಹೋಗುತ್ತೇನೆ. ಆದರೆ ಈ ಕಥೆ ಆರಂಭವಾಗುವುದೇ ಒಂದು ಅನ್ಯಾಯದಿಂದ ಎಂಬುದನ್ನು ಮರೆಯಬಾರದು. ಹುಡುಗ ಮೊದಲ ಸ್ಪರ್ಧೆಯಲ್ಲಿ ಚೆನ್ನಾಗಿ ನುಡಿಸಿಯೂ ಐದನೆಯವನಾಗುತ್ತಾನೆ, ಬೀಜಿಂಗ್ ನಿವಾಸಿಯಲ್ಲ ಎಂಬ ಅಡ್ಡಿ ಅವನನ್ನು ಕಾಡುತ್ತದೆ. 1958ರಲ್ಲಿ ಕಾನೂನಾದ ‘ಹುಕೋವ್’ ಎಂಬ ನಿವಾಸ ನೋಂದಣಿ ಹಳ್ಳಿಯವರನ್ನೂ ಸಣ್ಣ ಊರಿನವರನ್ನೂ ಮಹಾನಗರದ ಶಾಲೆಗಳಿಂದ ದೂರವಿಟ್ಟ ಬಗೆ ಅದು. ಇಂತಹ ಬಾಗಿಲನ್ನು ತಳ್ಳಿಕೊಂಡು ಒಳಗೆ ಬಂದ ಅಡುಗೆಯವನ ಮಗ ಕೊನೆಯ ಕ್ಷಣದಲ್ಲಿ ತಾನಾಗಿಯೇ ಹೊರಗೆ ಹೋಗುವುದನ್ನು ನಾವು ಕುಳಿತು ಚಪ್ಪಾಳೆ ತಟ್ಟಿ ನೋಡಬೇಕಂತೆ. ಬಾಗಿಲು ಕಾಯುವವರಿಗೆ ಇದಕ್ಕಿಂತ ಅನುಕೂಲವಾದ ಮುಕ್ತಾಯವನ್ನು ಯಾರೂ ಬರೆದುಕೊಡಲಾರರು.

ವೇದಿಕೆಯೆಂದರೆ ಬರಿಯ ಜಂಬ ಎಂದು ಯಾರಾದರೂ ಹೇಳಿದರೆ ಆ ಮಾತೂ ಚೀನಾದ ಮಟ್ಟಿಗೆ ಒಪ್ಪುವಂಥದ್ದಲ್ಲ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಪಾಶ್ಚಾತ್ಯ ಸಂಗೀತ ಕಲಿಸಿದ್ದಕ್ಕಾಗಿಯೇ ಗುರುಗಳು ಅವಮಾನ, ಬಂಧನಗಳನ್ನು ಉಂಡರು. 1979ರಲ್ಲಿ ಅಮೆರಿಕದ ಹೆಸರಾಂತ ಪಿಟೀಲು ವಾದಕ ಐಸಾಕ್ ಸ್ಟರ್ನ್ ಅಲ್ಲಿಗೆ ಹೋದಾಗ ತೆಗೆದ ಸಾಕ್ಷ್ಯಚಿತ್ರದಲ್ಲಿ ಶಾಂಘಾಯ್ ಸಂಗೀತಶಾಲೆಯ ವೃದ್ಧ ಗುರುವೊಬ್ಬರು ತಮ್ಮನ್ನು ಕೂಡಿಹಾಕಿದ ದಿನಗಳನ್ನು ನೆನೆಯುವುದನ್ನು ಕಂಡವರಿಗೆ, ಪಿಟೀಲು ಹಿಡಿದು ಸಭೆಯೆದುರು ನಿಲ್ಲುವುದು ಆ ದೇಶದಲ್ಲಿ ಎಷ್ಟು ಕಷ್ಟದಿಂದ ಮರಳಿ ಸಿಕ್ಕ ಹಕ್ಕು ಎಂಬುದು ತಿಳಿಯುತ್ತದೆ.

ಇದೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕೆರಳಿಸುವುದು ನನ್ನದೇ ಒಂದು ಹಳೆಯ ನೆನಪು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ಕರ್ನಾಟಕ ಸಂಗೀತದ ಪಿಟೀಲಿಗೆ ಮೊದಲ ಬಹುಮಾನ ನನಗೆ ಬಂತು. ಬೆಳಗಿನ ನಾಲ್ಕಕ್ಕೆ ಎದ್ದು ಆರು ತಿಂಗಳು ಒಂದೇ ಮೋಹನ ವರ್ಣವನ್ನು ಎರಡು ಕಾಲದಲ್ಲಿ ತೀಡಿದ್ದೆ. ಎಡಗೈ ಬೆರಳ ತುದಿಯ ಗಂಟು ಇಂದಿಗೂ ಕರಗಿಲ್ಲ. ನಮ್ಮ ಮೇಷ್ಟ್ರ ಬಳಿಯೇ ಕಲಿಯುತ್ತಿದ್ದ ಒಬ್ಬ ಹುಡುಗ ಆ ದಿನ ಬರಲಿಲ್ಲ. ನನಗಿಂತ ಚೆನ್ನಾಗಿ ನುಡಿಸುತ್ತಿದ್ದನೆಂಬುದು ನಿಜ, ಅದನ್ನು ನಾನು ಎಂದೂ ಅಲ್ಲಗಳೆದಿಲ್ಲ. ಆದರೆ ಅಂದಿನಿಂದ ನನ್ನ ಬಹುಮಾನಕ್ಕೊಂದು ಬಾಲ ಅಂಟಿಕೊಂಡಿತು. ‘ಅವನು ಬಂದಿದ್ದರೆ...’ ಎಂದು ಮೇಷ್ಟ್ರೂ ನೆರೆಯವರೂ ಎಳೆದ ರಾಗ ನನ್ನ ಮದುವೆಯ ಮನೆಯವರೆಗೂ ಬಂತು. ಬಾರದವನು ಎಂದೂ ಅಪಸ್ವರ ನುಡಿಸುವುದಿಲ್ಲ, ಅವನ ಶ್ರುತಿ ಎಂದೂ ಇಳಿಯುವುದಿಲ್ಲ. ಬಂದು ನುಡಿಸಿದವಳ ಒಂದೊಂದು ತಪ್ಪೂ ಕೇಳಿದವರ ಕಿವಿಯಲ್ಲಿ ಉಳಿಯುತ್ತದೆ. ಈ ಚಿತ್ರ ಲಿನ್ ಯುಗೆ ಮಾಡಿದ್ದೂ ಅದನ್ನೇ. ನಿಲ್ದಾಣದಲ್ಲಿ ಕೇಳುವ ಪಿಟೀಲಿನ ನಾದ ಲಿ ಚುವಾನ್‌ಯುನ್ ಎಂಬ ನುರಿತ ಕಲಾವಿದರದು. ಗದ್ದಲದ ನಿಲ್ದಾಣದಲ್ಲಿ, ಓಡಿಬಂದ ಏದುಸಿರಿನಲ್ಲಿ ಹುಡುಗನೊಬ್ಬ ಹಾಗೆ ನುಡಿಸಲಾರ. ಬಾರದವರ ವಾದನ ಯಾವಾಗಲೂ ಹೀಗೆ ಬೇರೆಯವರ ಕೈಯಿಂದ ಸೊಗಸಾಗಿಯೇ ಬರುತ್ತದೆ.

ಅಪ್ಪನನ್ನು ಸ್ಪರ್ಧೆಗೆ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಬಹುದಿತ್ತಲ್ಲ ಎಂದು ಕೇಳಿದರೆ, ಹಾಗೆ ಮಾಡಿದರೆ ಕಥೆ ಕೆಡುತ್ತದೆ ಎನ್ನುತ್ತಾರೆ. ಕೆಡಲಿ.

ಕೆಲವು ವರ್ಷಗಳ ಹಿಂದೆ ಒಂದು ಗೃಹಪ್ರವೇಶದಲ್ಲಿ ಆ ಹುಡುಗ, ಈಗ ತಲೆ ನರೆತ ಗೃಹಸ್ಥ, ನನಗೆ ಎದುರಾದ. ಅಂದು ಏಕೆ ಬರಲಿಲ್ಲವೆಂದು ಕೇಳಿಯೇಬಿಟ್ಟೆ. ಸ್ಪರ್ಧೆ ಅವನಿಗೆ ನೆನಪೇ ಇರಲಿಲ್ಲ. ಬಹುಶಃ ಅಜ್ಜಿಯ ಊರಿನ ಜಾತ್ರೆಗೆ ಹೋಗಿದ್ದಿರಬೇಕು ಎಂದು ನಕ್ಕು, ಪಾಯಸ ಬಡಿಸುವವರ ಕಡೆಗೆ ತಿರುಗಿದ. ಮನೆಗೆ ಬಂದು ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡ ಅಮ್ಮ, ‘ಅಯ್ಯೋ, ಈಗಲೂ ನುಡಿಸ್ತಾನಂತೇನೆ?’ ಎಂದು ಕೇಳಿದರು.