ಹತ್ತಕ್ಕೆ ಎಷ್ಟು?

ರೈಲು ತುಮಕೂರು ದಾಟಿರಬೇಕು, ಫೋನು ಟಿಂಗ್ ಅಂದಿತು. ಇಷ್ಟು ಹೊತ್ತಿಗೆ ಯಾರಪ್ಪಾ ಅಂತ ದಿಂಬಿನ ಕೆಳಗೆ ಕನ್ನಡಕ ಹುಡುಕಿ ನೋಡಿದರೆ, ಬೆಳಗ್ಗೆಯಿಂದ ಸಂಜೆವರೆಗೆ ನಾವು ನೆನೆದು ಬಂದಿದ್ದ ವಾಟರ್ ಪಾರ್ಕಿನವರು. ‘ಪ್ರಿಯ ಅತಿಥಿಯೇ, ಇಂದಿನ ನಿಮ್ಮ ಅನುಭವಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ?’ ಕೆಳಗೆ ಸೊನ್ನೆಯಿಂದ ಹತ್ತರವರೆಗೆ ಹನ್ನೊಂದು ಗುಂಡಿಗಳು. ಅದರ ಕೆಳಗೆ ‘ಇತರ ಸಲಹೆಗಳು’ ಅಂತ ಒಂದು ಖಾಲಿ ಚೌಕ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತದ ಉತ್ತರಪತ್ರಿಕೆ ತಿದ್ದಿದ ಕೈ ನನ್ನದು. ಅರ್ಧ ಅಂಕದ ವಿಷಯಕ್ಕೆ ಹೆಡ್‌ಮಾಸ್ತರ ಜೊತೆ ಎರಡು ದಿನ ಮಾತು ಬಿಟ್ಟವನು. ಆದರೂ ಆ ಹನ್ನೊಂದು ಗುಂಡಿಗಳ ಮುಂದೆ ಬೆರಳು ಓಡಲಿಲ್ಲ. ಎದುರು ಬರ್ತಿನಲ್ಲಿ ಇವಳು ಎಚ್ಚರ ಇದ್ದಳು. ಕೇಳಿದೆ.

“ಎಂಟು ಕೊಡಿ ಮಾರಾಯ್ರೆ, ಪಾಪ” ಅಂದು ಮಗ್ಗುಲಾದಳು.

ಪಾಪ ಯಾಕೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬೆಳಗ್ಗೆ ಸಾಗರದಲ್ಲಿಳಿದು ಮನೆಗೆ ಬಂದು ಮಗಳಿಗೆ ಫೋನು ಮಾಡಿದರೆ, “ಐದು. ಅದೂ ಟಾಯ್ಲೆಟ್ ಚೊಕ್ಕ ಇತ್ತು ಅಂತ. ಮುಂಚಿನ ಹಾಗೆ ಏನೂ ಇಲ್ಲ ಅಪ್ಪಾ ಅಲ್ಲಿ” ಅಂದಳು. ಆರು ವರ್ಷದ ಮೊಮ್ಮಗ ಫೋನು ಕಸಿದುಕೊಂಡು ನೂರು ಅಂದ. ಮನೆಯಲ್ಲೇ ಉಳಿದಿದ್ದ ಚಿಕ್ಕಮ್ಮ ಇದನ್ನೆಲ್ಲ ಕೇಳಿ, ಅಡಿಕೆ ಹೋಳು ಮಾಡುತ್ತಿದ್ದ ಕತ್ತರಿ ನಿಲ್ಲಿಸಿ, “ಹೋಗಿ ಬಂದ ಮನೆಗೆ ಯಾರಾದ್ರೂ ಅಂಕ ಹಾಕ್ತಾರಾ?” ಅಂತ ಕೇಳಿದಳು.

ನಾನು ಸಿಕ್ಕಿಬಿದ್ದದ್ದು ಅಲ್ಲೇ, ಆ ‘ಅತಿಥಿ’ ಅನ್ನುವ ಮಾತಿನಲ್ಲಿ. ನಮ್ಮ ಕಡೆ ನೆಂಟರು ಅಂಗಳಕ್ಕೆ ಬಂದರೆ ಮೊದಲು ಕೈಕಾಲಿಗೆ ನೀರು. ಆಮೇಲೆ ‘ಆಸರಿಗೆ ಎಂತ ಅಡ್ಡಿಲ್ಲ?’ ಅನ್ನುವ ಪ್ರಶ್ನೆ. ಬೆಲ್ಲ ನೀರೋ, ಮಜ್ಜಿಗೆಯೋ, ಕಷಾಯವೋ. ಹಿಂದೆಯೇ ಕವಳದ ತಟ್ಟೆ. ಇಷ್ಟಾಗುವವರೆಗೆ ಬಂದ ಕೆಲಸ ಏನು ಅಂತ ಕೇಳುವ ಹಾಗಿಲ್ಲ. ನೆಂಟರಿಗೂ ನಿಯಮ ಉಂಟು. ಬಡಿಸುವಾಗ ಸಾಕು ಸಾಕು ಅಂತ ಎರಡು ಸಲ ಕೈ ಅಡ್ಡ ಹಿಡಿಯಬೇಕು, ಮೂರನೇ ಸಲ ಹಾಕಿಸಿಕೊಳ್ಳಬೇಕು. ಪಾಯಸಕ್ಕೆ ಬೆಲ್ಲ ಕಮ್ಮಿ ಆಗಿತ್ತು ಅಂತ ಹೇಳಬೇಕಿದ್ದರೆ ಕೊನೇಪಕ್ಷ ಗದ್ದೆಯ ಬದು ದಾಟಿ ಬಂದಿರಬೇಕು.

ಪಾರ್ಕಿನ ಬಾಗಿಲಲ್ಲೂ ‘ಪ್ರಿಯ ಅತಿಥಿಗಳೇ’ ಅಂತಲೇ ಬೋರ್ಡಿತ್ತು. ಅದರ ಕೆಳಗೆ ಏನೇನು ತರಬಾರದು ಅನ್ನುವ ಪಟ್ಟಿ. ಚೀಲಗಳೆಲ್ಲ ಯಂತ್ರದೊಳಗೆ ಹೋಗಿ ಆಚೆ ಬಂದವು. ಇವಳ ಚೀಲ ಮಾತ್ರ ಬರಲಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಗಾಜಿನ ಬಾಟ್ಲಿ ಸಿಕ್ಕಿಬಿದ್ದಿತ್ತು. ಪರ ಊರಿನ ಅನ್ನವನ್ನು ಉಪ್ಪಿನಕಾಯಿಯ ಜಾಮೀನಿಲ್ಲದೆ ಇವಳು ಮುಟ್ಟುವುದಿಲ್ಲ. ಯೂನಿಫಾರಮ್ಮಿನ ಹುಡುಗಿ ಬಾಟ್ಲಿಯನ್ನು ಬೆಳಕಿಗೆ ಹಿಡಿದು, “ಮೇಡಂ, ಔಟ್‌ಸೈಡ್ ಫುಡ್ ಅಲೋ ಇಲ್ಲ. ಇಲ್ಲೇ ಇಟ್ಟು ಹೋಗಿ, ಸಂಜೆ ತಗೊಳ್ಳಿ” ಅಂತ ಒಂದು ಟೋಕನ್ ಕೊಟ್ಟಳು. ಮರ್ಯಾದೆಯಿಂದಲೇ ಹೇಳಿದಳು. ಆದರೆ ನೆಂಟರ ಚೀಲ ಬಿಚ್ಚಿಸಿ, ಉಪ್ಪಿನಕಾಯಿ ಇಳಿಸಿಕೊಂಡು, ಕೈಗೆ ನಂಬರು ಕೊಟ್ಟು ಒಳಗೆ ಬಿಡುವ ಉಪಚಾರ ನಮಗೆ ಹೊಸದು.

ಹೊಸದೇನೂ ಅಲ್ಲ, ತಾಳಿ. 2007ರಲ್ಲೂ ಅದೇ ಪಾರ್ಕು, ಅದೇ ಕಾನೂನು. ಆ ವರ್ಷ ಕೊಯ್ಲು, ಸುಲಿತ ಎಲ್ಲ ಮುಗಿಸಿ, ಟೆಂಪೋ ಟ್ರಾವೆಲರ್ ಮಾಡಿಕೊಂಡು ಹದಿನಾಲ್ಕು ಜನ ಹೋಗಿದ್ದೆವು. ಚಿಕ್ಕಮ್ಮ ಬಿಸ್ಕತ್ತಿನ ತಗಡಿನ ಡಬ್ಬಿ ತುಂಬ ನಮ್ಮ ಕಡೆಯ ತೆಳ್ಳಗಿನ ಸಿಹಿ ತಿಂಡಿ ತೊಡೆದೇವು ತಂದಿದ್ದಳು. ಬಾಗಿಲಿನ ಕಾವಲುಗಾರ ತಡೆದ. ಡಬ್ಬಿ ಅವನ ಕೋಣೆಯಲ್ಲೇ ಉಳಿಯಿತು. ಮಧ್ಯಾಹ್ನ ನಾವು ಹೊರಗೆ ಬಂದು, ಗೋಡೆಯ ನೆರಳಲ್ಲಿ ಸಾಲಾಗಿ ಕೂತು ಪುಳಿಯೋಗರೆ ಉಂಡೆವು. ಅವನೇ ಕೊಡದಲ್ಲಿ ನೀರು ತಂದಿಟ್ಟ. ತೊಡೆದೇವು ಕೊಟ್ಟರೆ ಕಾಗದ ಅಂದುಕೊಂಡು ಬಿಡಿಸಲು ನೋಡಿದ. ಹಾಗೇ ತಿನ್ನಬೇಕು ಅಂತ ಚಿಕ್ಕಮ್ಮ ತಿಂದು ತೋರಿಸಿದಳು. ಇವತ್ತಿಗೂ ಆ ಪಾರ್ಕು ಅಂದರೆ ಅವಳಿಗೆ ನೆನಪಿರುವುದು ಅದೊಂದೇ. ಅವಳು ಯಾವ ಆಟಕ್ಕೂ ಏರಿರಲಿಲ್ಲ. ಸೀರೆ ಉಟ್ಟವರಿಗೆ ನೀರಿಗೆ ಪ್ರವೇಶವಿಲ್ಲ ಅಂದಾಗ “ಒಳ್ಳೇದಾಯ್ತು” ಅಂದು ಚಪ್ಪಲಿ ಕಾಯುತ್ತ ಕೂತವಳು.

ಆವತ್ತು ಒಂದು ಜಾರುಬಂಡೆಗೆ ಒಂದೂವರೆ ತಾಸು ಸಾಲಿನಲ್ಲಿ ನಿಂತಿದ್ದೆವು. ಹಿಂದೆ ದಾವಣಗೆರೆಯ ಒಂದು ಸಂಸಾರ. ಮೊದಲ ತಿರುವಿನಲ್ಲಿ ಯಾವೂರು ಅಂತ ವಿಚಾರಣೆ, ಎರಡನೆಯದರಲ್ಲಿ ಬೆಣ್ಣೆದೋಸೆ, ಮೂರನೆಯದರಲ್ಲಿ ಅಡಿಕೆ ರೇಟು. ಮೆಟ್ಟಿಲ ಬುಡಕ್ಕೆ ಬರುವಷ್ಟರಲ್ಲಿ ನಮ್ಮ ಅತ್ತಿಗೆ ಅವರ ತಮ್ಮನಿಗೊಂದು ಹೆಣ್ಣನ್ನೂ ನೋಡಿ ಮುಗಿಸಿದ್ದಳು. ಮುಂದೆ ಜಾತಕ ಕೂಡಿಬರಲಿಲ್ಲ, ಅದು ಬೇರೆ ವಿಷಯ. ಜಾರಿದ್ದು ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಮೊಣಕೈ ತರಚಿತ್ತು.

ಈ ಸಲ ಅಳಿಯಂದಿರು ಮೊದಲೇ ಫೋನಿನಲ್ಲಿ ಹೆಚ್ಚಿನ ದುಡ್ಡು ಕಟ್ಟಿ ಎಲ್ಲರಿಗೂ ‘ಫಾಸ್ಟ್ ಟ್ರ್ಯಾಕ್’ ಮಾಡಿಸಿದ್ದರು. ಮಾವನವರು ನಿಂತು ದಣಿಯಬಾರದು ಅಂತ. ಅವರ ಮೇಲೆ ತಪ್ಪಿಲ್ಲ. ಮಣಿಕಟ್ಟಿಗೆ ಬೇರೆ ಬಣ್ಣದ ಪಟ್ಟಿ. ಹಗ್ಗದ ಆ ಕಡೆ ನೂರಾರು ಜನ ಬೆವರುತ್ತ ನಿಂತಿದ್ದರೆ ಈ ಕಡೆ ಖಾಲಿ ದಾರಿಯಲ್ಲಿ ನಾವು ಐದು ಜನ ದಿಬ್ಬಣದ ಹಾಗೆ ನಡೆದುಹೋದೆವು. ಆ ಸಾಲಿನಿಂದಲೇ ಒಂದು ದನಿ, ಅಪ್ಪಟ ನಮ್ಮ ಸೀಮೆಯದ್ದು: “ಎಂತ ಮಾರಾಯ, ಇವ್ರಿಗೆಲ್ಲ ಬೇರೆ ಬಾಗ್ಲಾ?”

ನಾನು ತಿರುಗಿ ನೋಡಲಿಲ್ಲ. ಗುರುತಿನವರಾಗಿದ್ದರೆ ಏನು ಗತಿ? ಮದುವೆ ಮನೆಯಲ್ಲಿ ಕೆಲಸಕ್ಕೆ ಕೈ ಹಾಕದೆ ಮೊದಲ ಪಂಕ್ತಿಗೆ ನುಗ್ಗಿ ಎಲೆ ಹಿಡಿದವನ ಮುಖ ನೋಡಿದ್ದೀರಲ್ಲ, ಆವತ್ತು ನನ್ನದು ಹಾಗಿದ್ದಿರಬೇಕು. ಪಂಕ್ತಿಗೆ ಕಾಯುವುದು ನಮಗೆ ಕಷ್ಟವಲ್ಲ. ಎರಡನೇ ಪಂಕ್ತಿ, ಮೂರನೇ ಪಂಕ್ತಿ, ಬಡಿಸಿದವರದ್ದು ಕಡೇ ಪಂಕ್ತಿ, ಎಲ್ಲ ಉಂಟು. ದುಡ್ಡು ಕೊಟ್ಟವರ ಪಂಕ್ತಿ ಅಂತ ಮಾತ್ರ ಇಲ್ಲ. ಮೊಣಕೈ ಈ ಸಲ ತರಚಲಿಲ್ಲ. ಜಾರುಬಂಡೆ ಬೆಣ್ಣೆಯ ಹಾಗಿತ್ತು. ತುದಿಯಲ್ಲಿ ಸೀಟಿ ಹಿಡಿದ ಹುಡುಗ ಒಬ್ಬೊಬ್ಬರ ಕೈಕಾಲು ಸರಿಯಾಗಿ ಇಡಿಸಿ, ಮುಂದಿನವರು ಎದ್ದು ಹೋದ ಮೇಲೆಯೇ ಬಿಡುತ್ತಿದ್ದ. 2007ರಲ್ಲಿ ನನ್ನ ಬೆನ್ನ ಮೇಲೆಯೇ ಭಾವ ಬಂದು ಬಿದ್ದಿದ್ದ. ಬಟ್ಟೆ ಬದಲಿಸುವ ಕೋಣೆ, ಕುಡಿಯುವ ನೀರು, ಎಲ್ಲ ಈಗಲೇ ವಾಸಿ. ಗಣಿತದ ಮಾಸ್ತರನಾಗಿ ಒಂದೊಂದು ಹಂತಕ್ಕೂ ಅಂಕ ಕೊಟ್ಟರೆ ಒಂಬತ್ತು ದಾಟುತ್ತದೆ. ಆದರೆ ಉತ್ತರ ತಪ್ಪು.

ಈ ಲೆಕ್ಕ ಬಿಡಿಸಲಾಗದೆ ಒಂದು ವಾರ ಸಿಕ್ಕಿದ್ದೆಲ್ಲ ಓದಿದೆ. ಗಿರಾಕಿಗಳನ್ನು ‘ಗೆಸ್ಟ್’ ಅಂತಲೇ ಕರೆಯಬೇಕು ಎಂದು ನೌಕರರಿಗೆ ಕಲಿಸುವ ಡಿಸ್ನಿಯವರ ಮೊದಲ ಪಾರ್ಕು ಕ್ಯಾಲಿಫೋರ್ನಿಯಾದಲ್ಲಿ ತೆರೆದದ್ದು 1955ರ ಜುಲೈ 17ರಂದು. ಆ ದಿನದ ವರದಿ ಓದಿದರೆ ನಮ್ಮೂರ ಮದುವೆ ಮನೆಯಲ್ಲಿ ಅಡಿಗೆಭಟ್ಟರು ಕೈಕೊಟ್ಟ ಕತೆಯ ಹಾಗಿದೆ. ಖೋಟಾ ಟಿಕೆಟು ಹಿಡಿದು ಸಾವಿರಾರು ಜನ ನುಗ್ಗಿದರು. ಪ್ಲಂಬರುಗಳ ಮುಷ್ಕರದಿಂದ ಕುಡಿಯುವ ನೀರಿನ ನಲ್ಲಿಗಳು ಒಣಗಿದ್ದವು. ಹೊಸದಾಗಿ ಹಾಕಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಎತ್ತರದ ಹಿಮ್ಮಡಿಯ ಚಪ್ಪಲಿಗಳು ಹೂತುಕೊಂಡವು. ‘ಮುಂಚಿನ ಹಾಗಿಲ್ಲ’ ಅನ್ನುವ ನನ್ನ ಮಗಳಂಥವರು ಅಮೆರಿಕದಲ್ಲೂ ಇರುತ್ತಾರಲ್ಲ, ಅವರು ಈ ದಿನವನ್ನೂ ಮುಂಚಿನ ಲೆಕ್ಕಕ್ಕೆ ಹಿಡಿಯುತ್ತಾರೋ ಏನೋ.

ನನಗೆ ಅದಕ್ಕಿಂತ ರುಚಿಸಿದ್ದು ಟಿಕೆಟಿನ ಕತೆ. ಅಲ್ಲಿ ಮೊದಲೆಲ್ಲ ಒಂದೊಂದು ಆಟಕ್ಕೆ ಒಂದೊಂದು ಚೀಟಿ. ಚೀಟಿಗಳಲ್ಲಿ ಎ, ಬಿ, ಸಿ ಅಂತ ದರ್ಜೆ. 1959ರಲ್ಲಿ ‘ಇ’ ಬಂತು, ಅದು ಎಲ್ಲಕ್ಕಿಂತ ದೊಡ್ಡ ಆಟಗಳಿಗೆ. 1982ರಲ್ಲಿ ಚೀಟಿ ಪುಸ್ತಕ ಹೋಗಿ, ಬಾಗಿಲಲ್ಲಿ ಒಂದೇ ಟಿಕೆಟು, ಒಳಗೆ ಎಷ್ಟು ಬೇಕಾದರೂ ಆಡಿ ಅಂತಾಯಿತು. 1999ರಲ್ಲಿ ಸಾಲು ತಪ್ಪಿಸುವ ಪಾಸು ಬಂತು, ಬಿಟ್ಟಿಯಾಗಿ. 2021ರಲ್ಲಿ ಅದೂ ಹೋಗಿ, ಸಾಲು ತಪ್ಪಿಸಬೇಕಿದ್ದರೆ ದುಡ್ಡು ಕೊಡಬೇಕು ಅಂತಾಯಿತು. ಅಂದರೆ ಸುತ್ತು ಹಾಕಿ ಪುನಃ ಜಾತ್ರೆಗೇ ಬಂದರು ಅಂದುಕೊಂಡೆ. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ, ಒಂಬತ್ತು ದಿನ. ಅಲ್ಲೂ ತೊಟ್ಟಿಲಿಗೆ ಬೇರೆ ದುಡ್ಡು, ಟೊರಾಟೊರಾಕ್ಕೆ ಬೇರೆ ದುಡ್ಡು. ಒಂದೇ ಒಂದು ವ್ಯತ್ಯಾಸ. ಜಾತ್ರೆಯಲ್ಲಿ ನಾವು ದುಡ್ಡು ಕೊಡುವುದು ತೊಟ್ಟಿಲಿಗೆ, ಸರದಿಗೆ ಅಲ್ಲ. ಅಡಿಕೆ ಮಂಡಿ ಸಾಹುಕಾರರ ಮಗನೂ ಮಂಡಕ್ಕಿ ಪೊಟ್ಟಣ ಹಿಡಿದು ನಮ್ಮ ಹಿಂದೆಯೇ ನಿಲ್ಲಬೇಕು.

ಡೇವಿಡ್ ಮೈಸ್ಟರ್ ಎಂಬ ಮ್ಯಾನೇಜ್‌ಮೆಂಟ್ ಪಂಡಿತರು 1985ರಲ್ಲೇ ಬರೆದಿಟ್ಟಿದ್ದಾರಂತೆ: ಅನ್ಯಾಯದ ಸಾಲು ಉದ್ದ ಅನಿಸುತ್ತದೆ, ಒಬ್ಬರೇ ಕಾಯುವುದು ನಾಲ್ಕು ಜನ ಸೇರಿ ಕಾಯುವುದಕ್ಕಿಂತ ಉದ್ದ ಅನಿಸುತ್ತದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಕಾಯುವುದೂ ಉದ್ದ ಅನಿಸುತ್ತದೆ ಅಂತ ಮೂರನೆಯದೊಂದಿದೆ. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅವರು ಆಷಾಢದಲ್ಲಿ ಜೋಗಕ್ಕೆ ಬಂದವರಲ್ಲ.

ಜೋಗ ನಮ್ಮ ಮನೆಯಿಂದ ಮೂವತ್ತು ಕಿಲೋಮೀಟರು ಆಸುಪಾಸು. 253 ಮೀಟರು ಎತ್ತರದಿಂದ ಶರಾವತಿ ರಾಜಾ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕಾಗಿ ಬೀಳುವ ಜಾಗ. ಮಳೆಗಾಲದಲ್ಲಿ ಹೋದರೆ ಬಹಳ ಸಲ ಎದುರಿಗೆ ಬರೀ ಬಿಳೀ ಮಂಜು. ಸದ್ದು ಮಾತ್ರ ಕೇಳುತ್ತದೆ. ಕೊಡೆ ಹಿಡಿದು, ಖಾರ ಹಚ್ಚಿದ ಅನಾನಸ್ ತಿನ್ನುತ್ತ ನಿಲ್ಲಬೇಕು. ಹತ್ತು ನಿಮಿಷವೋ ಎರಡು ತಾಸೋ ಹೇಳುವವರಿಲ್ಲ. ಆಮೇಲೆ ಯಾವುದೋ ಗಾಳಿ ಬಂದು ಮಂಜು ಹರಿಯುತ್ತದೆ. ‘ಬಂತು, ಬಂತು!’ ಅಂತ ಗುರುತು ಪರಿಚಯ ಇಲ್ಲದವರೆಲ್ಲ ಒಟ್ಟಿಗೆ ಕೂಗುತ್ತಾರೆ. ಮೂರು ನಿಮಿಷಕ್ಕೆ ಪುನಃ ಮುಚ್ಚಿಕೊಳ್ಳುತ್ತದೆ. ಒಮ್ಮೆ ಯಾರೋ ದೊಡ್ಡವರು ಬಂದಿದ್ದರು. ಪೊಲೀಸರು ನಮ್ಮನ್ನೆಲ್ಲ ಕಂಬಿಯ ಹತ್ತಿರದಿಂದ ಸರಿಸಿದರು. ಮಂಜು ಸರಿಯಲಿಲ್ಲ. ಅವರು ಗಡಿಯಾರ ನೋಡಿಕೊಂಡರು, ಪಕ್ಕದವರು ಆಕಾಶ ನೋಡಿದರು, ಕಡೆಗೆ ಹೊರಟರು. ಅವರ ಕಾರು ತಿರುವು ದಾಟಿತೋ ಇಲ್ಲವೋ, ರಾಜಾ ತಲೆಯಿಂದ ಕಾಲಿನವರೆಗೆ ಕಾಣಿಸಿದ. ಆವತ್ತು ಅಲ್ಲಿದ್ದವರು ಚಪ್ಪಾಳೆ ತಟ್ಟಿದ್ದು ಜಲಪಾತಕ್ಕೆ ಅಂತ ನಾನು ಹೇಳಲಾರೆ.

ಹಾಗಂತ ಜೋಗಕ್ಕೆ ಹತ್ತಕ್ಕೆ ಹತ್ತು ಕೊಟ್ಟವರು ಯಾರೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಜೋಗ ಸತ್ತಿತು ಅಂತ ನಮ್ಮ ಅಜ್ಜ ಸಾಯುವತನಕ ಹೇಳುತ್ತಿದ್ದ. ಬೇಸಗೆಯಲ್ಲಿ ಹೋದರೆ ಬಂಡೆಯ ಮೇಲೆ ನಾಲ್ಕು ಗೆರೆ. ಆ ನೀರು ಕೊಳವೆಯಲ್ಲಿಳಿದು, ಕರೆಂಟಾಗಿ ಘಟ್ಟದಾಚೆ ಹೋಗುತ್ತದೆ. ಪಾರ್ಕಿನ ಕೊಳದಲ್ಲಿ ತಾಸಿಗೊಮ್ಮೆ ಸೈರನ್ ಹೊಡೆದು ಅಲೆ ಎಬ್ಬಿಸುತ್ತಾರಲ್ಲ, ಆ ಮೋಟಾರಿಗೆ ಹೋಗುವ ಕರೆಂಟಿನಲ್ಲಿ ಶರಾವತಿಯ ಪಾಲೂ ಚೂರುಪಾರು ಇದ್ದೇ ಇರುತ್ತದೆ. ಜೋಗದಲ್ಲಿ ಬೀಳದ ನೀರಿನಲ್ಲಿ ನಮ್ಮ ಮೊಮ್ಮಗ ಅಲ್ಲಿ ಕುಣಿದ. ಅವನ ನೂರು ಅಂಕ ಯಾರಿಗೆ ಸೇರಬೇಕು ಅನ್ನುವುದೇ ಇನ್ನೊಂದು ಲೆಕ್ಕ.

ಎಂಟನೇ ದಿನ ಪುನಃ ಟಿಂಗ್. ‘ಪ್ರಿಯ ಅತಿಥಿಯೇ, ನಿಮ್ಮ ಅಭಿಪ್ರಾಯಕ್ಕಾಗಿ ಕಾಯುತ್ತಿದ್ದೇವೆ.’ ಕಾಯಲಿ, ಅವರಿಗೂ ಗೊತ್ತಾಗಲಿ ಅಂದುಕೊಂಡೆ. ಆದರೂ ಊಟದ ಹೊತ್ತಿಗೆ ಫೋನು ಪಕ್ಕಕ್ಕಿಟ್ಟುಕೊಂಡು ಇವಳನ್ನು ಕೇಳಿದೆ, “ಆವತ್ತು ಪಾಪ ಅಂದೆಯಲ್ಲ, ಯಾಕೆ?”

ಇವಳು ಒಳಗೆ ಹೋಗಿ ಅಪ್ಪೆಮಿಡಿ ಬಾಟ್ಲಿ ತಂದು ನನ್ನ ಎಲೆಯ ಪಕ್ಕ ಇಟ್ಟಳು. ಸಂಜೆ ಟೋಕನ್ ಕೊಟ್ಟು ಬಿಡಿಸಿಕೊಂಡು ಬಂದ ಅದೇ ಬಾಟ್ಲಿ.

“ಮೂವತ್ತು ಎಣಿಸಿ ಹಾಕಿದ್ದೆ. ರೈಲಲ್ಲಿ ನೋಡಿದ್ರೆ ಇಪ್ಪತ್ತಾರು.”

ಮಿಡಿ ಉಪ್ಪಿಗೆ ಹಾಕುವಾಗಲೂ ತೆಗೆಯುವಾಗಲೂ ಎಣಿಸುವುದು ಇವಳ ಪದ್ಧತಿ. ಲೆಕ್ಕ ತಪ್ಪುವುದಿಲ್ಲ. ಅಂದರೆ ನಾವು ಒಳಗೆ ಅವರ ಫ್ರೈಡ್ ರೈಸ್ ತಿನ್ನುತ್ತಿದ್ದಾಗ, ಬಾಗಿಲ ಹತ್ತಿರ ಯಾರೋ ನಾಲ್ಕು ಜನ ತಮ್ಮ ಊಟದ ಡಬ್ಬಿ ಬಿಚ್ಚಿ ನಮ್ಮ ಉಪ್ಪಿನಕಾಯಿ ನೆಂಚಿಕೊಂಡು ಉಂಡಿದ್ದಾರೆ. ಅಥವಾ ಆ ಹುಡುಗಿ ಒಬ್ಬಳೇ ನಾಲ್ಕು.

“ಬೇಜಾರಿಲ್ವಾ ನಿನಗೆ?”

“ಎಂತಕ್ಕೆ? ಒಂದು ಕಚ್ಚಿ ಬಿಸಾಡಿದ್ರೆ ಬೇಜಾರು. ನಾಲ್ಕು ತಿಂದಿದ್ದಾರಲ್ಲ.”

ಎಂಟನ್ನು ಒತ್ತಿದೆ. ಕೆಳಗಿನ ಖಾಲಿ ಚೌಕ ಇನ್ನೂ ಮಿಟುಕುತ್ತಿತ್ತು. ‘ಇತರ ಸಲಹೆಗಳು’ ಅಂತ ಓದಿ ಹೇಳಿದೆ. ಇವಳು ಬಾಟ್ಲಿಯ ಮುಚ್ಚಳ ತೆಗೆದು, ಅಂಚಿನಲ್ಲಿ ಎದ್ದಿದ್ದ ಬಿಳೀ ಬೂಷ್ಟನ್ನು ಬೆಳಕಿಗೆ ಹಿಡಿದು ನೋಡಿದಳು.

“ಬರೀರಿ” ಅಂದಳು. “ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕಬಾರದು.”